ಮೆತ್ತನೆ ನೆಲಕ್ಕೆ ಗಟ್ಟಿ ಕಲ್ಲು: ಹಳೇ ಅಡಿಕೆ ಶೆಡ್ಡಿನ ಕಾಂಕ್ರೀಟ್ ನೆಲ ಉಜ್ಜಿದ ಕಥೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿಂದೆ ಒಂದು ಹಳೇ ಅಡಿಕೆ ಶೆಡ್ ಇದೆ. 24 ಅಡಿ ಉದ್ದ, 18 ಅಡಿ ಅಗಲ. ಅಡಿಕೆ ಸುಲಿಯುವುದು, ಬೇಯಿಸುವುದು ಎಲ್ಲ ಈಗ ಕೆಳಗಿನ ಹೊಸ ಶೆಡ್ಡಿಗೆ ಹೋಗಿದೆ. ಖಾಲಿ ಬಿದ್ದದ್ದನ್ನು ನನ್ನ ಮರಗೆಲಸಕ್ಕೆ ಕೊಡಿ ಅಂತ ಅಪ್ಪನನ್ನು ಕೇಳಿದೆ. "ತಗೋ ಮಾರಾಯ, ಆದ್ರೆ ಆ ನೆಲದ ಗತಿ ನೋಡಿದೀಯಾ?" ಅಂದರು.

ನೋಡಿದ್ದೆ. ಬೆಳಿಗ್ಗೆ ಗುಡಿಸಿದರೆ ಒಂದು ಮೊರ ಬೂದಿ, ಸಂಜೆ ಗುಡಿಸಿದರೆ ಇನ್ನೊಂದು ಮೊರ. ಅದು ಹೊರಗಿನಿಂದ ಬಂದ ಧೂಳಲ್ಲ, ನೆಲವೇ ಪುಡಿಯಾಗಿ ಏಳುತ್ತಿತ್ತು. ಒಲೆ ಇದ್ದ ಕಡೆ ಅಡಿಕೆ ಬೇಯಿಸಿದ ಕಷಾಯ, ಅಂದರೆ ಚೊಗರು, ಚೆಲ್ಲಿ ಚೆಲ್ಲಿ ಕಡುಗೆಂಪು ಕಲೆ. ಬಾಗಿಲ ಹತ್ತಿರ ನೆಲ ಉಬ್ಬಿತ್ತು, ನಡುವೆ ತಗ್ಗು. ಪಾಲಿಶ್ ಹಾಕಿದ ಮರದ ಮೇಲೆ ಆ ಬೂದಿ ಕೂತರೆ ಮಾಡಿದ ಕೆಲಸವೆಲ್ಲ ಹಾಳು.

ಎರಡು ವರ್ಷದ ಹಿಂದೆ ಸುಲಭದ ದಾರಿ ಅಂದುಕೊಂಡು ನೆಲಕ್ಕೆ ಹೊಡೆಯುವ ಪೇಂಟ್ ಹೊಡೆದಿದ್ದೆ. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಎದ್ದ ಚಕ್ಕೆಯನ್ನು ತಿರುಗಿಸಿ ನೋಡಿದರೆ ಹಿಂಬದಿಗೆ ಬೂದಿ ಅಂಟಿತ್ತು. ಪೇಂಟ್ ಹಿಡಿದುಕೊಂಡದ್ದು ಮೇಲಿನ ಪುಡಿಯನ್ನು, ಕೆಳಗಿನ ಕಾಂಕ್ರೀಟನ್ನಲ್ಲ. ಹಾಗಾಗಿ ಈ ಸಲ ಮೇಲಿನ ಪದರವನ್ನೇ ಉಜ್ಜಿ ತೆಗೆಯುವುದು ಅಂತ ತೀರ್ಮಾನಿಸಿದೆ.

ನೆಲ ಯಾಕೆ ಹೀಗಾಯಿತು ಅಂತ ಅಪ್ಪನ ಬಾಯಿಂದಲೇ ಗೊತ್ತಾಯಿತು. 1:2:4ರ ಕಾಂಕ್ರೀಟು, ಅಂದರೆ ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಎಳೆಯಲು ಸಲೀಸಾಗಲಿ ಅಂತ ನೀರು ಧಾರಾಳವಾಗಿ ಸುರಿದಿದ್ದರು. ನೀರು ಜಾಸ್ತಿಯಾದರೆ ಜಲ್ಲಿ ಕೆಳಗೆ ಕೂರುತ್ತದೆ, ನೀರಿನ ಜೊತೆ ಸಿಮೆಂಟಿನ ನುಣ್ಣನೆಯ ಪುಡಿ ಮೇಲಕ್ಕೆ ಬರುತ್ತದೆ. ಆ ಹಾಲಿನ ಮೇಲೆ ಇನ್ನಷ್ಟು ಒಣ ಸಿಮೆಂಟ್ ಚೆಲ್ಲಿ ಕರಣೆಯಲ್ಲಿ ತಿಕ್ಕಿ ಕನ್ನಡಿ ಮಾಡಿದರು. ಆಮೇಲೆ ಹಬ್ಬ ಬಂತು, ಎರಡೇ ದಿನ ನೀರು ಹಾಕಿದ್ದು. ನೋಡಲು ಚೆನ್ನಾಗಿತ್ತಂತೆ, ಆರು ತಿಂಗಳು.

ಮೆಷಿನ್ನಿಗೆ ಹಾಕಿ ನೆಲ ಉಜ್ಜುವ ಕಲ್ಲು ತರುವ ಮೊದಲು ನೆಲ ಎಷ್ಟು ಗಟ್ಟಿ ಅಂತ ನೋಡಬೇಕು. ಇದಕ್ಕೆ ಮಾರುಕಟ್ಟೆಯಲ್ಲಿ ಬೇರೆಬೇರೆ ಗಟ್ಟಿತನದ ಗೀರುಕಡ್ಡಿಗಳ ಸೆಟ್ ಸಿಗುತ್ತದೆ. ನಾನು ಮನೆಯಲ್ಲಿದ್ದದ್ದರಲ್ಲೇ ನೋಡಿದೆ. ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ತಾಮ್ರ 3ರ ಆಸುಪಾಸು, ಉಕ್ಕಿನ ಮೊಳೆ 5ರ ಆಸುಪಾಸು, ಮರಳಿನಲ್ಲಿರುವ ಕ್ವಾರ್ಟ್ಜ್ 7. ಮೊಳೆಯಲ್ಲಿ ಗೀರಿದೆ. ಬೆಣ್ಣೆಯಲ್ಲಿ ಎಳೆದ ಹಾಗೆ ಆಳವಾದ ಗೆರೆ, ಬದಿಯಲ್ಲಿ ಪುಡಿಯ ದಿಬ್ಬ. ಮೋಟರ್ ವೈರಿನ ತಾಮ್ರದ ತುದಿಯಲ್ಲಿ ಗೀರಿದರೂ ಗೆರೆ ಬಿತ್ತು. ಒಂದು ಚಮಚ ನೀರು ಹಾಕಿದರೆ ಎಣಿಸುವಷ್ಟರಲ್ಲಿ ಹೀರಿಕೊಂಡಿತು. ಇದು ಮೆತ್ತನೆ ನೆಲ, ಸಂಶಯವೇ ಇಲ್ಲ.

ಒಂದೇ ಒಂದು ಜಾಗ ಬೇರೆ ಇತ್ತು. ಅಡಿಕೆ ಸುಲಿಯುವ ಯಂತ್ರ ಕೂರಿಸಲು ಆಮೇಲೆ ಹಾಕಿದ 6 ಅಡಿ ಚದರದ ತುಂಡು. 1:1½:3 ಹದ, ಬಿಗಿಯಾದ ಮಿಶ್ರಣ, ಹದಿನೈದು ದಿನ ಒದ್ದೆ ಗೋಣಿಚೀಲದ ಕೆಳಗೆ ಮಲಗಿತ್ತು. ಅಲ್ಲಿ ಮೊಳೆ ಎಳೆದರೆ ನೆಲಕ್ಕೆ ಗೆರೆ ಬೀಳಲಿಲ್ಲ. ಮೊಳೆಯೇ ಸವೆದು ಬೆಳ್ಳಿಯಂಥ ಗೆರೆ ಬಿಟ್ಟಿತು. ಇದನ್ನು ನೋಡಿದೆ, ಪುಸ್ತಕದಲ್ಲಿ ಬರೆದೂ ಇಟ್ಟೆ, ಆದರೆ ಅಂಗಡಿಗೆ ಹೋದಾಗ ಮರೆತೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವ ನಂಬರ್ ಬೇಕು?" ಈ ಕಲ್ಲು ಅಂದರೆ ಚೂಪು ಕಾಳುಗಳನ್ನು ಅಂಟಿನಲ್ಲಿ ಹಿಡಿದಿಟ್ಟು ಮಾಡಿದ್ದು. ನಂಬರ್ ಅಂದರೆ ಆ ಕಾಳಿನ ಜರಡಿ ಲೆಕ್ಕ. ಇಂಚಿಗೆ ಕಣ್ಣು ಜಾಸ್ತಿಯಾದಷ್ಟೂ ಅದರಲ್ಲಿ ಇಳಿಯುವ ಕಾಳು ಸಣ್ಣದು. 24ರ ಕಲ್ಲಿನ ಕಾಳು ಸುಮಾರು 0.7 ಮಿಲಿಮೀಟರ್, ದಪ್ಪ ರವೆಯ ಹಾಗೆ. 60ರದ್ದು ಕಾಲು ಮಿಲಿಮೀಟರ್. 120ರದ್ದು 0.1ರ ಹತ್ತಿರ. ಮೊಸಾಯಿಕ್ ನೆಲಕ್ಕೆ ನಮ್ಮಲ್ಲಿ 60ರಿಂದ ಶುರುಮಾಡಿ 80, 120 ಹಿಡಿದು, ಕೊನೆಗೆ 320 ಅಥವಾ 400ಕ್ಕೆ ಹೋಗಿ, ಆಕ್ಸಾಲಿಕ್ ಆಸಿಡ್ ಪುಡಿ ಹಾಕಿ ತಿಕ್ಕುತ್ತಾರೆ. ನನಗೆ ಹೊಳಪು ಬೇಕಿರಲಿಲ್ಲ. ಮರಗೆಲಸದ ಜಾಗದಲ್ಲಿ ನೆಲ ಹೊಳೆದರೆ ಕಾಲು ಜಾರುತ್ತದೆ. 24, 60, 120, ಅಷ್ಟಕ್ಕೆ ನಿಲ್ಲಿಸುವುದು ಅಂತ ಲೆಕ್ಕ ಹಾಕಿದ್ದೆ.

ನಂಬರಿನಷ್ಟೇ ಮುಖ್ಯವಾದದ್ದು ಕಾಳು ಯಾವುದು ಅನ್ನುವುದು. ಅಂಗಡಿಯ ಒಂದೇ ಕಪಾಟಿನಲ್ಲಿ ಕಂದು ಕಲ್ಲೂ ಇರುತ್ತದೆ, ಕರೀ ಕಲ್ಲೂ ಇರುತ್ತದೆ. ಕಂದು ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದು ಸುಲಭಕ್ಕೆ ಚೂರಾಗುವುದಿಲ್ಲ, ಕಬ್ಬಿಣ ಉಕ್ಕಿಗೆ ಒಳ್ಳೆಯದು. ಕಲ್ಲು, ಕಾಂಕ್ರೀಟಿಗೆ ಬೇಕಾದದ್ದು ಬಿಸಿಲಿಗೆ ಹಿಡಿದರೆ ಮಿಣಮಿಣ ಅನ್ನುವ ಕರೀ ಕಾಳು, ಸಿಲಿಕಾನ್ ಕಾರ್ಬೈಡ್. ಹಸಿರು ಬಣ್ಣದಲ್ಲೂ ಬರುತ್ತದೆ. ಇದು ಗಟ್ಟಿ, ಆದರೆ ಬೇಗ ಚೂರಾಗುತ್ತದೆ, ಚೂರಾದಾಗಲೆಲ್ಲ ಹೊಸ ಮೊನೆ ಹುಟ್ಟುತ್ತದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕನ್ನು ಕರೆಂಟಿನಲ್ಲಿ ಕಾಯಿಸಿದಾಗ ಸಿಕ್ಕಿದ್ದು ಇದು. ಅವರು ಇಟ್ಟ ಹೆಸರು ಕಾರ್ಬೋರಂಡಮ್. ನಮ್ಮ ಪಾಲಿಶ್ ಮೇಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಅದೇ ಹೆಸರು.

ಮೂರನೆಯದು, ನಾನು ಎಡವಿದ್ದು ಇಲ್ಲೇ, ಆ ಕಾಳುಗಳನ್ನು ಹಿಡಿದಿಟ್ಟ ಅಂಟು. ಕಲ್ಲಿನ ಮೇಲೋ ಡಬ್ಬದ ಮೇಲೋ 'ಸಿ 24 ಜೆ ವಿ' ಅಂತ ಏನೋ ಬರೆದಿರುತ್ತದೆ. 'ಸಿ' ಅಂದರೆ ಸಿಲಿಕಾನ್ ಕಾರ್ಬೈಡ್. ಕೊನೆಯ 'ವಿ' ಅಂದರೆ ಮಡಕೆಯ ಹಾಗೆ ಸುಟ್ಟು ಗಟ್ಟಿ ಮಾಡಿದ ಅಂಟು. ನಡುವಿನ ಅಕ್ಷರವೇ ಹಿಡಿತದ ಲೆಕ್ಕ. ಇಂಗ್ಲಿಷ್ ಅಕ್ಷರಮಾಲೆಯ ಮೊದಲಿನವು ಮೆತ್ತಗೆ, ಕೊನೆಯವು ಗಟ್ಟಿ. ಕೆಲವು ಕಲ್ಲುಗಳ ಮೇಲೆ ಬರೀ 24 ಅಂತ ಬಣ್ಣದಲ್ಲಿ ಬರೆದಿರುತ್ತದೆ. ಆಗ ಕೇಳಿಯೇ ತಿಳಿಯಬೇಕು.

ನಾನು ಕೇಳಲಿಲ್ಲ. "ಚೆನ್ನಾಗಿ ಕಡಿಯುವ ಕಲ್ಲು ಕೊಡಿ" ಅಂದೆ. ಅಂಗಡಿಯವರು ಕೊಟ್ಟದ್ದೂ ಚೆನ್ನಾಗಿ ಕಡಿಯುವ ಕಲ್ಲೇ, 'ಜೆ'. ಮೆತ್ತನೆ ಹಿಡಿತದ್ದು. ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಮೆತ್ತನೆ ನೆಲ, ಮೆತ್ತನೆ ಕಲ್ಲು, ಸರಿಹೋಗುತ್ತದೆ.

ಪೇಟೆಯಿಂದ ಮೊಸಾಯಿಕ್ ಪಾಲಿಶ್ ಮೆಷಿನ್ ಬಾಡಿಗೆಗೆ ತಂದೆ. 2 ಎಚ್‌ಪಿ, ಸಿಂಗಲ್ ಫೇಸ್, ಕೆಳಗೆ ಮೂರು ಕಲ್ಲು ಕೂರುವ ತಟ್ಟೆ. ನೀರೂ ಕರೆಂಟೂ ಒಟ್ಟಿಗೆ ಇರುವ ಕೆಲಸ ಇದು. ಮೊದಲು ಅರ್ತಿಂಗ್ ನೋಡಿಸಿ, 30 ಮಿಲಿಆಂಪಿನ ಟ್ರಿಪ್ ಸ್ವಿಚ್ ಹಾಕಿಸಿದೆ. ವೈರನ್ನು ನೆಲದ ಮೇಲೆ ಬಿಡದೆ ಜಂತೆಗೆ ಹಗ್ಗ ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಮೂರೂ ಕಲ್ಲು ಒಂದೇ ಎತ್ತರಕ್ಕೆ ಕೂರಬೇಕು. ಒಂದು ಎರಡು ಮಿಲಿಮೀಟರ್ ಎದ್ದಿದ್ದರೂ ಮೆಷಿನ್ ಕುಣಿಯುತ್ತದೆ, ನೆಲದಲ್ಲಿ ಬಳೆಬಳೆ ಗುರುತು ಬೀಳುತ್ತದೆ.

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಶುರು. ಅಹಾ, ಏನು ಓಟ! ಬೂದುಬಣ್ಣದ ರಾಡಿ ಹೊಳೆಯ ಹಾಗೆ ಬಂತು. ಒಂದು ಗಂಟೆ ಆದ ಮೇಲೆ ಮೆಷಿನ್ ಎತ್ತಿ ಕಲ್ಲು ನೋಡಿದೆ. 50 ಮಿಲಿಮೀಟರ್ ದಪ್ಪ ಇದ್ದದ್ದು 31ಕ್ಕೆ ಇಳಿದಿತ್ತು. ಉಜ್ಜಿದ್ದು ಒಂದು ಮೂಲೆ ಮಾತ್ರ. ರಾಡಿ ತೊಳೆದು ನೋಡಿದರೆ ಜಲ್ಲಿಯ ಮುಖವೇ ಕಂಡಿಲ್ಲ. ಬಂದ ರಾಡಿಯಲ್ಲಿ ಅರ್ಧ ನನ್ನ ಕಲ್ಲೇ!

ಮೆಷಿನ್ ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದೆ. ಅವರು ಒಬ್ಬ ಪಾಲಿಶ್ ಮೇಸ್ತ್ರಿಯನ್ನು ಕಳಿಸಿದರು. ಅರವತ್ತರ ಆಸುಪಾಸಿನವರು. ಚಪ್ಪಲಿ ಬಿಟ್ಟು ಒಳಗೆ ಬಂದು, ಹೆಬ್ಬೆರಳಿನಲ್ಲಿ ನೆಲ ತಿಕ್ಕಿ, ಬೆರಳು ನೋಡಿಕೊಂಡರು.

"ಸಾರ್, ನಿಮ್ ಕಲ್ಲು ನೆಲ ತಿಂತಾ ಇಲ್ಲ. ನೆಲ ಕಲ್ಲು ತಿಂತಾ ಇದೆ."

"ಯಾಕೆ ಮೇಸ್ತ್ರಿ, ನೆಲ ಮೆತ್ತಗಿದೆಯಲ್ಲ?"

"ಅದಕ್ಕೇ ಸಾರ್. ಮೆತ್ತಗಿರೋ ನೆಲ ಅಂದ್ರೆ ಮರಳು ಬಿಟ್ಕೊಡೋ ನೆಲ."

ಆಗ ತಲೆಗೆ ಹೊಳೆಯಿತು. ನಾನು ಚಿಕ್ಕವನಿದ್ದಾಗ ಊರಿಗೆ ಉಳಿ ಸುತ್ತಿಗೆ ಹಿಡಿದವರು ಬರುತ್ತಿದ್ದರು. ಒರಳುಕಲ್ಲು ರುಬ್ಬಿ ರುಬ್ಬಿ ನುಣ್ಣಗಾದರೆ ಅಕ್ಕಿ ಜಾರುತ್ತದೆ, ಹಿಟ್ಟಾಗುವುದಿಲ್ಲ. ಅವರು ಕೂತು ಟಕಟಕ ಅಂತ ಮುಳ್ಳು ಹೊಡೆದು ಕಲ್ಲನ್ನು ಮತ್ತೆ ಒರಟು ಮಾಡಿ ಹೋಗುತ್ತಿದ್ದರು. ನೆಲ ಉಜ್ಜುವ ಕಲ್ಲಿಗೆ ಹೀಗೆ ಮುಳ್ಳು ಹೊಡೆಯುವವರು ಯಾರೂ ಇಲ್ಲ. ಅದು ತನಗೆ ತಾನೇ ಹೊಡೆದುಕೊಳ್ಳಬೇಕು. ಮೊಂಡಾದ ಕಾಳು ಉದುರಿ, ಅಂಟು ಸವೆದು, ಕೆಳಗಿನ ಚೂಪು ಕಾಳು ಮೇಲೆ ಬರಬೇಕು. ಅಂಟನ್ನು ಸವೆಸುವುದು ಮುಖ್ಯವಾಗಿ ನೆಲದಿಂದ ಏಳುವ ಪುಡಿ. ಮೆತ್ತನೆ ನೆಲ ಹಿಡಿಗಟ್ಟಲೆ ಮರಳು ಬಿಡುತ್ತದೆ. ಆ ಮರಳು ಅಂಟನ್ನು ಬೇಗ ತಿನ್ನುತ್ತದೆ, ಇನ್ನೂ ಚೂಪಾಗಿರುವ ಕಾಳುಗಳೇ ಉದುರಿ ಹೋಗುತ್ತವೆ. ಹಾಗಾಗಿ ಅಲ್ಲಿ ಗಟ್ಟಿ ಹಿಡಿತ ಬೇಕು. ಗಟ್ಟಿ ನೆಲ ಹಿಟ್ಟಿನಂಥ ನುಣ್ಣನೆ ಪುಡಿ ಬಿಡುತ್ತದೆ, ಅಂಟು ಸವೆಯುವುದೇ ಇಲ್ಲ, ಕಾಳು ಮೊಂಡಾಗಿ ಅಲ್ಲೇ ಕೂರುತ್ತದೆ. ಅಲ್ಲಿ ಮೆತ್ತನೆ ಹಿಡಿತ ಬೇಕು. ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು.

ಕಲ್ಲಿನ ಬದಲು ಮೆಷಿನ್ನಿಗೆ ಹಾಕುವ, ವಜ್ರದ ಕಾಳಿನ ತುಂಡುಗಳಿಗೂ ಇದೇ ನಿಯಮ. ಅಲ್ಲಿ ಅಂಟು ಲೋಹದ್ದು, ಅಷ್ಟೇ. ಒಂದು ಎಚ್ಚರ: ವಜ್ರದ ತುಂಡುಗಳಿಗೆ ಕೆಂಪು, ಹಳದಿ, ಕಪ್ಪು ಅಂತ ಬಣ್ಣ ಹಾಕಿರುತ್ತಾರೆ. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಲ್ಲ. ಬಣ್ಣ ನೋಡಿ ತರಬೇಡಿ, ಯಾವ ನೆಲಕ್ಕೆ ಅಂತ ಕೇಳಿ ತನ್ನಿ. ದೊಡ್ಡ ಗೋಡೌನ್ ಇದ್ದರೆ ವಜ್ರವೇ ಲಾಭ, ಅನುಮಾನವಿಲ್ಲ. 40 ಚದರ ಮೀಟರಿಗೆ ನನಗೆ ಕಾರ್ಬೋರಂಡಮ್ ಸಾಕಿತ್ತು.

ಮಾರನೇ ದಿನ ಮೇಸ್ತ್ರಿಯೇ 'ಪಿ' ಹಿಡಿತದ 24ರ ಕಲ್ಲು ತಂದರು. ಓಟ ಕಮ್ಮಿ, ಸದ್ದು ಜಾಸ್ತಿ, ಆದರೆ ಈ ಸಲ ಇಳಿದದ್ದು ನೆಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಕನ್ನಡಿ ಪದರ ಹೋಗಿ ಮರಳು ಕಂಡಿತು, ಸಂಜೆಗೆ ಅಲ್ಲಲ್ಲಿ ಜಲ್ಲಿಯ ನೀಲಿಮುಖ. ಎರಡು ದಿನಕ್ಕೆ ಶೆಡ್ ಪೂರ್ತಿ ಮುಗಿದಾಗ ಕಲ್ಲು ಇನ್ನೂ 22 ಮಿಲಿಮೀಟರ್ ಉಳಿದಿತ್ತು. ಮೇಸ್ತ್ರಿ ಮೆಷಿನ್ನನ್ನು ಒಂದೇ ಕಡೆ ನಿಲ್ಲಿಸುತ್ತಲೇ ಇರಲಿಲ್ಲ. ಎಡದಿಂದ ಬಲಕ್ಕೆ ಅರ್ಧಚಂದ್ರದ ಹಾಗೆ ತೂಗುತ್ತಾ, ಪ್ರತಿ ಸಲ ಹಿಂದಿನ ಪಟ್ಟಿಯ ಅರ್ಧವನ್ನು ಮತ್ತೆ ಮುಟ್ಟುತ್ತಾ ಹಿಂದೆ ಸರಿಯುತ್ತಿದ್ದರು. ನಾನು ಉಬ್ಬು ಬೇಗ ಇಳಿಯಲಿ ಅಂತ ಬಾಗಿಲ ಹತ್ತಿರ ನಿಂತಲ್ಲೇ ಒತ್ತಿದ್ದೆ. ಎಂಟಡಿ ಅಲ್ಯುಮಿನಿಯಂ ಪಟ್ಟಿ ಇಟ್ಟು ನೋಡಿದರೆ ಅಲ್ಲೊಂದು ತಟ್ಟೆಯಷ್ಟು ಹೊಂಡ. ಅದು ಈಗಲೂ ಇದೆ.

ಯಂತ್ರ ಕೂತಿದ್ದ ಆ ಗಟ್ಟಿ ತುಂಡಿಗೆ ಬಂದಾಗ ನಾಟಕ ತಿರುಗಿತು. ಅದೇ 'ಪಿ' ಕಲ್ಲು ಅಲ್ಲಿ ಹತ್ತು ನಿಮಿಷ ಓಡಿ ಸುಮ್ಮನಾಯಿತು. ಸುಮ್ಮನಾಯಿತು ಅಂದರೆ ಮೆಷಿನ್ ತಿರುಗುತ್ತಿದೆ, ಕರಕರ ಸದ್ದಿಲ್ಲ, ರಾಡಿ ಬರುತ್ತಿಲ್ಲ, ಬರುವ ನೀರು ತಿಳಿಯಾಗಿದೆ. ಕಲ್ಲು ಮುಟ್ಟಿದರೆ ಗಾಜಿನ ಹಾಗೆ ನುಣುಪು. ಮೇಸ್ತ್ರಿ ಒಂದು ಹಿಡಿ ದಪ್ಪ ಮರಳು ಚೆಲ್ಲಿ ಅದರ ಮೇಲೆ ಒಂದು ನಿಮಿಷ ಓಡಿಸಿದರು. ಕಲ್ಲಿಗೆ ಮುಳ್ಳು ಬಂತು, ಐದು ನಿಮಿಷಕ್ಕೆ ಮತ್ತೆ ನುಣುಪು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ನನ್ನ 31 ಮಿಲಿಮೀಟರಿನ 'ಜೆ' ಕಲ್ಲುಗಳ ಕಡೆ ಕೈ ತೋರಿಸಿದರು. ಹಾಕಿದೆವು. ಮೊದಲ ದಿನ ಮಂಜಿನ ಹಾಗೆ ಕರಗಿದ ಅದೇ ಕಲ್ಲು ಇಲ್ಲಿ ಒಂದೂವರೆ ಗಂಟೆ ಕೆಲಸ ಮಾಡಿ ಸವೆದದ್ದು 6 ಮಿಲಿಮೀಟರ್. ತಪ್ಪಾಗಿ ತಂದ ಕಲ್ಲಿಗೂ ಒಂದು ಕೆಲಸ ಸಿಕ್ಕಿತು.

ರಾಡಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಂದು ಮಿಲಿಮೀಟರ್ ತೆಗೆಯುವುದು ಅಂದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? 40 ಚದರ ಮೀಟರಿಗೆ ಅದು 40 ಲೀಟರ್ ಕಾಂಕ್ರೀಟು. ತೂಕ 95 ಕೆಜಿಯ ಹತ್ತಿರ, ನೀರು ಬೇರೆ. ಅದನ್ನು ಚರಂಡಿಗೆ ಬಿಟ್ಟರೆ ತಳದಲ್ಲಿ ಕೂತು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ತೋಟಕ್ಕೆ ಬಿಡುವ ಹಾಗೂ ಇಲ್ಲ, ಸುಣ್ಣದ ಹಾಗೆ ಖಾರ, ಪಿಎಚ್ 12ರ ಮೇಲೆ. ನಾನು ಡ್ರಮ್ಮಿನಲ್ಲಿ ತುಂಬಿ ಎರಡು ದಿನ ಬಿಟ್ಟೆ. ತಿಳಿನೀರನ್ನು ಮತ್ತೆ ಉಜ್ಜಲು ಬಳಸಿ, ಕೆಳಗಿನ ಗಸಿಯನ್ನು ಒಣಗಿಸಿ ದಾರಿಯ ಗುಂಡಿಗೆ ತುಂಬಿದೆ. ಮೊದಲ ದಿನ ಬರಿಗಾಲಲ್ಲಿ ನಿಂತ ಶೂರತನಕ್ಕೆ ಬೆರಳ ಸಂದಿಯ ಚರ್ಮ ಸುಟ್ಟು ಒಂದು ವಾರ ಕುಂಟಿದೆ. ಗಮ್‌ಬೂಟ್ ಹಾಕಿ, ಸುಮ್ನೆ ಹಠ ಬೇಡ.

24 ಮುಗಿದ ಮೇಲೆ ನೆಲದ ತುಂಬ ಸೂಜಿಮೊನೆಯಂಥ ತೂತುಗಳು. ತೊಳೆದು, ಸಿಮೆಂಟ್ ಗಂಜಿ ಸುರಿದು, ರಬ್ಬರ್ ಪಟ್ಟಿಯಲ್ಲಿ ಎಳೆದು ತುಂಬಿದೆವು. ನಾಲ್ಕು ದಿನ ಒದ್ದೆ ಗೋಣಿಚೀಲ ಹೊದಿಸಿದೆ. ಈ ಸಲ ಹಬ್ಬ ಬಂದರೂ ನೀರು ತಪ್ಪಿಸಲಿಲ್ಲ.

ಆಮೇಲೆ 60. ಇಲ್ಲಿ ಮೇಸ್ತ್ರಿಗೂ ನನಗೂ ಸ್ವಲ್ಪ ಜಟಾಪಟಿ. ನೇರ 120ಕ್ಕೆ ಹೋಗೋಣ, ಒಂದು ದಿನದ ಬಾಡಿಗೆ ಉಳಿಯುತ್ತದೆ ಅಂತ ನನ್ನ ವಾದ. ಅವರು ಮಾತಾಡದೆ ಒಂದು ಮೂಲೆಯಲ್ಲಿ 24ರ ಮೇಲೆ ನೇರ 120 ಹಿಡಿದು ತೋರಿಸಿದರು. ಒದ್ದೆಯಿದ್ದಾಗ ಚೆನ್ನಾಗಿತ್ತು. ಒಣಗಿದ ಮೇಲೆ 24ರ ಗೀರುಗಳೆಲ್ಲ ಹಾಗೇ ಎದ್ದು ಕಂಡವು. 120ರ ಕಲ್ಲು ಆ ಗೀರಿನ ದಡವನ್ನು ನುಣ್ಣಗೆ ಮಾಡುತ್ತದೆ, ತಳ ಮುಟ್ಟುವುದಿಲ್ಲ. ಎರಡರಷ್ಟು, ಜಾಸ್ತಿ ಅಂದರೆ ಎರಡೂವರೆಯಷ್ಟು ಮಾತ್ರ ಮುಂದಿನ ನಂಬರಿಗೆ ಹಾರಬಹುದು. ಒಂದು ಕಲ್ಲು ಮುಗಿಯಿತೋ ಇಲ್ಲವೋ ಅನ್ನುವುದನ್ನು ನೆಲ ಒಣಗಿಸಿಯೇ ನೋಡಬೇಕು. ಅದಕ್ಕೇ 24 ಉದ್ದಕ್ಕೆ ಹೋಗಿದ್ದರೆ 60 ಅಡ್ಡಕ್ಕೆ. ಉಳಿದ ಹಳೇ ಗೀರು ದಿಕ್ಕಿನಲ್ಲೇ ಸಿಕ್ಕಿಬೀಳುತ್ತದೆ.

60 ಆದ ಮೇಲೆ ಒಂದು ಕೆಲಸ ಮಾತ್ರ ನನ್ನ ಹಠಕ್ಕೆ ಮಾಡಿದ್ದು. ನೆಲ ಎರಡು ದಿನ ಒಣಗಿಸಿ, ಸೋಡಿಯಂ ಸಿಲಿಕೇಟನ್ನು ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿ ಹಚ್ಚಿದೆ. ಅದು ಕಾಂಕ್ರೀಟಿನಲ್ಲಿ ಉಳಿದ ಸುಣ್ಣದ ಜೊತೆ ಸೇರಿ ಒಳಗೇ ಗಟ್ಟಿಯಾಗುತ್ತದೆ. ಇಂಥ ಮೆತ್ತನೆ ನೆಲಕ್ಕೆ ಇದನ್ನು ಕೊನೆಗೆ ಹಚ್ಚುವುದಕ್ಕಿಂತ ನಡುವೆ ಹಚ್ಚಿದರೆ, ಮುಂದಿನ ನುಣ್ಣನೆ ಕಲ್ಲಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಎರಡು ಸಲ, ನಡುವೆ ಒಂದು ದಿನ ಬಿಟ್ಟು. ನೆಲ ಹೀರಿ ಉಳಿದದ್ದನ್ನು ಒರೆಸಿ ತೊಳೆಯಲೇಬೇಕು. ಒಲೆಯ ಹತ್ತಿರ ಬಿಟ್ಟದ್ದು ಬಿಳೀ ಹೊಪ್ಪಳೆಯಾಗಿ ಕೂತು, 120ರ ಕಲ್ಲಿಗೆ ಅರ್ಧ ಗಂಟೆ ಹೆಚ್ಚಿನ ಕೆಲಸ ಕೊಟ್ಟಿತು. ಉಳಿದ ಕಡೆ 120 ಸಲೀಸಾಗಿ ಹೋಯಿತು. "ಏನ್ ಹಾಕಿದ್ರಿ ಸಾರ್ ಇದಕ್ಕೆ?" ಅಂತ ಮೇಸ್ತ್ರಿ ಎರಡು ಸಲ ಕೇಳಿದರು. ನನಗೆ ಸ್ವಲ್ಪ ಹೆಮ್ಮೆ ಆದದ್ದು ನಿಜ.

ಗೋಡೆಯ ಬದಿಗೆ ದೊಡ್ಡ ಮೆಷಿನ್ ಹೋಗುವುದಿಲ್ಲ. ಅಲ್ಲಿ ನಾಲ್ಕು ಇಂಚಿನ ಆಂಗಲ್ ಗ್ರೈಂಡರಿಗೆ ವಜ್ರದ ಕಪ್ ಹಾಕಿದೆ. ಇದು ಒಣ ಕೆಲಸ. ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗುವ ಕಾಯಿಲೆಯಲ್ಲ ಅದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಗ್ರೈಂಡರಿಗೆ ಧೂಳಿನ ಮುಸುಕು ಹಾಕಿ, ಅದಕ್ಕೆ ವ್ಯಾಕ್ಯೂಮ್ ಕೊಟ್ಟು, ಎನ್95 ಮಾಸ್ಕ್ ಹಾಕಿಕೊಂಡು ಮಾಡಿದೆ. ತೀರಾ ಮೂಲೆಗಳಲ್ಲಿ ಕೈಯಲ್ಲೇ ಕಲ್ಲು ಹಿಡಿದು ನೀರು ಹಾಕಿ ಉಜ್ಜಿದೆ. ನಾಲ್ಕು ಮೂಲೆಗೆ ಒಂದು ಮಧ್ಯಾಹ್ನ ಹಿಡಿಯಿತು.

ಮಿಕ್ಕ ಕಲ್ಲುಗಳನ್ನು ಎಲ್ಲೆಂದರಲ್ಲಿ ಇಡಬೇಡಿ. ಸುಟ್ಟು ಮಾಡಿದ 'ವಿ' ಕಲ್ಲಿಗೆ ನೀರಿನ ಭಯವಿಲ್ಲ. ಆದರೆ ಮಾರ್ಬಲ್ ಪಾಲಿಶಿಗೆ ಬರುವ ಕಲ್ಲುಗಳಲ್ಲಿ ಮ್ಯಾಗ್ನೆಸೈಟ್ ಅಂಟಿನವೂ ಇವೆ. ಅವನ್ನು ಬಕೆಟ್ಟಿನಲ್ಲಿ ನೆನೆಸಿಟ್ಟರೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವದ ಗೋಡೆಗೆ ಒರಗಿಸಿಟ್ಟರೆ, ಹಿಡಿತ ಸಡಿಲವಾಗುತ್ತದೆ. ನಾನು ಎಲ್ಲವನ್ನೂ ಅಟ್ಟದ ಮೇಲೆ ಹೊಗೆ ತಾಗುವ ಜಾಗದಲ್ಲಿ ಇಟ್ಟಿದ್ದೇನೆ.

ಈಗ ಎರಡು ತಿಂಗಳಾಯಿತು. ಮೊಳೆಯಲ್ಲಿ ಗೀರಿದರೆ ಇನ್ನೂ ಗೆರೆ ಬೀಳುತ್ತದೆ, ಆದರೆ ತೆಳ್ಳಗೆ, ಪುಡಿಯಿಲ್ಲದೆ. ಚಮಚದ ನೀರು ಬೇಕಾದಷ್ಟು ಹೊತ್ತು ಮುತ್ತಿನ ಹಾಗೆ ಕೂರುತ್ತದೆ. ಗುಡಿಸಿದರೆ ಮರದ ಹೊಟ್ಟು ಮಾತ್ರ ಬರುತ್ತದೆ. ಚೊಗರಿನ ಕಲೆ ಮುಕ್ಕಾಲು ಹೋಯಿತು. ಹಂಡೆ ಇದ್ದ ಜಾಗದಲ್ಲಿ ಮಾತ್ರ ಆಳಕ್ಕೆ ಇಳಿದಿದೆ, ಕಷಾಯದ ಬಣ್ಣದ ಒಂದು ಉಂಗುರ. ಅದನ್ನು ತೆಗೆಯಲು ಇನ್ನೂ ಎರಡು ಮಿಲಿಮೀಟರ್ ಇಳಿಯಬೇಕಿತ್ತು. ಅಪ್ಪ ಬೇಡ ಅಂದರು. ಗರಗಸದ ಮೇಜನ್ನು ಅದರ ಪಕ್ಕಕ್ಕೆ ಹಾಕಿಕೊಂಡಿದ್ದೇನೆ. ಸವೆದು ಉಳಿದ 120ರ ತುಂಡೊಂದನ್ನು ಅಮ್ಮ ಈಳಿಗೆಮಣೆಗೆ ಸಾಣೆ ಹಿಡಿಯಲು ಒಯ್ದಿದ್ದಾರೆ.